ಜರಡಿಯಕ್ಕನ ಐದು ಬಟ್ಟಲುಗಳು

ಕಾಫಿಬೀಜ ಒಣಗಿಸುವ ಆ ಅಂಗಳದಲ್ಲಿ ಆಕೆಯನ್ನು ಹುಟ್ಟುಹೆಸರಿನಿಂದ ಕರೆಯುವವರು ಯಾರೂ ಉಳಿದಿರಲಿಲ್ಲ. ಹಿರಿಯರಿಗೂ ಕಿರಿಯರಿಗೂ ಆಕೆ ಜರಡಿಯಕ್ಕ. ಬೀಜವನ್ನು ಜರಡಿ ಹಿಡಿಯುವುದು ಆಕೆಯ ಕೆಲಸವಾಗಿತ್ತೆಂಬುದು ಈ ಅಡ್ಡಹೆಸರಿಗೆ ಅರ್ಧ ಕಾರಣ ಮಾತ್ರ. ಮನುಷ್ಯರ ಮಾತನ್ನೂ ಅದೇ ಕೈಚಳಕದಿಂದ ಜಾಲಿಸುತ್ತಿದ್ದಳೆಂಬುದು ಉಳಿದರ್ಧ. "ಚೆನ್ನಾಗಿದ್ದೀರಾ?" ಎಂದು ಯಾರಾದರೂ ಕೇಳಿದರೆ ಉತ್ತರ ಕೊಡುವ ಮೊದಲು ಆಕೆ ಕೇಳಿದವರ ಕೈಯನ್ನು ನೋಡುತ್ತಿದ್ದಳು: ಬೇಡಲು ಬಂದ ಕೈಯೋ, ಬಚ್ಚಿಟ್ಟುಕೊಂಡು ಬಂದ ಕೈಯೋ ಎಂದು.

ಈ ಸ್ವಭಾವವನ್ನು ಬರಿಯ ದೋಷವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಆಕೆಯ ಕಸುಬೇ ಸಂಶಯದಿಂದ ನಡೆಯುವಂಥದು. ಹಣ್ಣಿನ ತಿರುಳು ಕಳೆದ ಹಸಿಬೀಜವನ್ನು ಸೊಂಟದೆತ್ತರದ ತಂತಿಬಲೆಯ ಹಾಸುಗಳ ಮೇಲೆ ತೆಳ್ಳಗೆ ಹರಡಿ, ಗಳಿಗೆಗೊಮ್ಮೆ ಕೈಯಾಡಿಸಿ, ಮೋಡ ಕಂಡರೆ ಮುಚ್ಚಿ, ಬಿಸಿಲು ಕಂಡರೆ ತೆರೆದು, ಎರಡು ವಾರ ಕಾಯಬೇಕು. ತಿಳಿಯಾದ ಆಕಾಶವನ್ನು ನಂಬಿದವರ ಬೀಜಕ್ಕೆ ಬೂಷ್ಟು ಹಿಡಿಯುತ್ತದೆ. ಒಣಗಿತೆಂಬ ಪರರ ಮಾತನ್ನು ನಂಬಿ ಚೀಲ ಕಟ್ಟಿದವರ ಬೀಜ ಚೀಲದೊಳಗೇ ಕೆಡುತ್ತದೆ. ಜರಡಿಯಕ್ಕ ಆಕಾಶವನ್ನೂ ನಂಬುತ್ತಿರಲಿಲ್ಲ, ಪರರನ್ನೂ ನಂಬುತ್ತಿರಲಿಲ್ಲ. ಬೀಜವನ್ನು ಹಲ್ಲಿನಲ್ಲಿ ಕಚ್ಚಿ, ಅದು ಕೊಟ್ಟ ಸದ್ದನ್ನು ಮಾತ್ರ ನಂಬುತ್ತಿದ್ದಳು. ಹನ್ನೆರಡು ಬೆಳೆಗಾರ ಕುಟುಂಬಗಳು ಕೂಡಿ ಕಟ್ಟಿಕೊಂಡ ಆ ಅಂಗಳದ ಹೊಣೆಯನ್ನು ಗಂಡ ತೀರಿಹೋದ ಬಳಿಕ ಆಕೆ ಹೊತ್ತು ಹದಿನಾಲ್ಕು ವರ್ಷಗಳಾಗಿದ್ದವು. ಅಷ್ಟು ಕಾಲದಲ್ಲಿ ಒಂದು ಹಾಸಾದರೂ ಕೆಟ್ಟದ್ದಿಲ್ಲ.

ಸಂಶಯಕ್ಕೆ ಇನ್ನೊಂದು ಬೇರೂ ಇತ್ತು. ಆರು ವರ್ಷಗಳ ಹಿಂದೆ ದೂರದಿಂದ ಒಬ್ಬ ಕೊಳ್ಳುವವನು ಬಂದಿದ್ದ. ತಾನು ವ್ಯಾಪಾರಿಯಲ್ಲ, ಪಾಲುದಾರನೆಂದ. ರುಚಿ ನೋಡಿದ ಪ್ರತಿಯೊಂದು ಬಟ್ಟಲನ್ನೂ ಬಾಯ್ತುಂಬ ಹೊಗಳಿದ. ಜರಡಿಯಕ್ಕನ ಭಾವಚಿತ್ರ ತೆಗೆದುಕೊಂಡು ಹೋದ. ಮರುವರ್ಷ ಅಂಚೆಯಲ್ಲಿ ಒಂದು ಪೊಟ್ಟಣ ಬಂತು. ಅದರ ಮೇಲೆ ಆಕೆಯ ನಗುಮುಖ. ಕೆಳಗೆ, ಈ ತಾಯಿ ತನ್ನ ಬೀಜಗಳಿಗೆ ದಿನವೂ ಹಾಡು ಹೇಳುತ್ತಾಳೆಂಬ ಒಕ್ಕಣೆ. ಆಕೆಗೆ ಹಾಡು ಬರುತ್ತಿರಲಿಲ್ಲ. ಅದರ ಮರುವರ್ಷ ಬಂದದ್ದು ಒಂದು ಕಾಗದ: ಬೀಜದಲ್ಲಿ ಪರಿಮಳದೋಷ ಕಂಡುಬಂದಿದೆ, ಮುಂದಕ್ಕೆ ಬೇಡ. ಯಾವ ದೋಷ, ಯಾರ ಮೂಗಿಗೆ ಕಂಡದ್ದು, ಒಂದೂ ತಿಳಿಯಲಿಲ್ಲ. ಪರೀಕ್ಷಿಸೋಣವೆಂದರೆ ಬೀಜವೆಲ್ಲ ಅವನ ಬಳಿ. ಈಕೆಯ ಬಳಿ ಉಳಿದದ್ದು ಪೊಟ್ಟಣ.

"ನನ್ನ ಮುಖ ಅದ್ಯಾವುದೋ ಅಂಗಡೀಲಿ ಕೂತು ನಗ್ತಾ ಇದೆ," ಎನ್ನುತ್ತಿದ್ದಳು ಜರಡಿಯಕ್ಕ. "ನಾನಿಲ್ಲಿ ಹಲ್ಲು ಕಡೀತಾ ಕೂತಿದ್ದೀನಿ."

ಅಂದಿನಿಂದ ಹನ್ನೆರಡು ಮನೆಗಳ ಬೀಜ ಗಿರಣಿಯ ಸಾಮಾನ್ಯ ರಾಶಿಗೆ ಬೀಳತೊಡಗಿತು. ಒಂದೊಂದಾಗಿ ಆರಿಸಿದ ಬೀಜವೂ ಯಾರೂ ಕಣ್ಣೆತ್ತಿ ನೋಡದ ಬೀಜವೂ ಅಲ್ಲಿ ಒಂದೇ. ಬರುವ ಋತುವಿನೊಳಗೆ ತಮ್ಮ ಬೀಜವನ್ನು ತಮ್ಮ ಬೀಜವೆಂದೇ ಕೊಳ್ಳುವವರು ದೊರೆಯದಿದ್ದರೆ ಅಂಗಳವನ್ನೇ ಮುಚ್ಚುವುದೆಂದು ಕುಟುಂಬಗಳು ನಿಶ್ಚಯಿಸಿದ್ದವು. ಆ ಹೊತ್ತಿನಲ್ಲಿ ಹೊಸದಾಗಿ ಒಬ್ಬಾಕೆ ಕೊಳ್ಳಲು ಬಂದಳು. ನಲವತ್ತರ ಆಸುಪಾಸಿನ ಹೆಂಗಸು. ತುದಿ ಸವೆದ ಪಾದರಕ್ಷೆ. ಆಡುವ ಮಾತು ಕಲಿತದ್ದಾದರೂ ಸ್ವಚ್ಛ. ಬೀದಿಯ ಕೊನೆಯಲ್ಲಿ ಒಂದು ಕೋಣೆ ಹಿಡಿದು ಹತ್ತು ದಿನ ಇರುತ್ತೇನೆಂದಳು. ಮೂರು ವರ್ಷಗಳ ಒಡಂಬಡಿಕೆ. ಪ್ರತಿ ಮನೆಯ ಬೀಜಕ್ಕೆ ಆ ಮನೆಯ ಹೆಸರು. ದೋಷ ಕಂಡರೆ ಕಾಗದದಲ್ಲಿ ಬರೆಯದೆ ಮುಖದೆದುರೇ ಹೇಳುವುದು. ಅವಳ ಮಾತಿನ ಸಾರ ಇಷ್ಟೇ. ಕುಟುಂಬಗಳು ಒಪ್ಪಿದವು, ಆದರೆ ಅಕ್ಕ ಹೂಂ ಎಂದರಷ್ಟೇ ಹೂಂ ಎಂದವು.

ಅಕ್ಕ ಹೂಂ ಎನ್ನಲಿಲ್ಲ. ಕೊಳ್ಳುವಾಕೆಯ ಕೈಯನ್ನು ನೋಡಿದಳು. ಅದು ಕೋಟಿನ ಜೇಬಿನಲ್ಲಿತ್ತು.

ಇನ್ನೂ ಹೆಚ್ಚಾಗಿ ಆಕೆಯನ್ನು ಕಾಡಿದವನು ಸ್ವಂತ ಮೈದುನ. ಉಗ್ರಾಣದ ಕೀಲಿಗೊಂಚಲು ಇವನ ಸೊಂಟದಲ್ಲಿ ಇಪ್ಪತ್ತು ವರ್ಷಗಳಿಂದ ತೂಗುತ್ತಿತ್ತು. ಮಾತಿನಲ್ಲಿ ಸಡಿಲ, ನಗುವಿನಲ್ಲಿ ಉದಾರಿ. ಕೊಳ್ಳುವಾಕೆ ಬಂದ ದಿನವೇ ಅವಳ ಚೀಲ ಹೊತ್ತ. ಹಾಸುಗಳ ನಡುವೆಯೂ ಉಗ್ರಾಣದೊಳಗೂ ಅಡ್ಡಾಡಿಸಿದ. ಅವಳು ಏನೋ ಅಂದಾಗ ಗಹಗಹಿಸಿ ನಕ್ಕ. ಜರಡಿಯಕ್ಕ ಅದನ್ನು ದೂರದಿಂದ ಕಂಡಳು.

"ಏನಪ್ಪಾ, ಅಷ್ಟೊಂದು ನಗು?"

"ಏನಿಲ್ಲ ಅತ್ತಿಗೆ. ಇಲ್ಲಿ ಬೀಜಕ್ಕೆ ಯಾರು ಹಾಡು ಹೇಳೋದು ಅಂತ ಕೇಳಿದ್ರು. ಹಳೇ ಪೊಟ್ಟಣ ನೋಡಿದ್ರಂತೆ."

"ನೀನೇನಂದೆ?"

"ನಮ್ಮತ್ತಿಗೆ ಹಾಡಿದ್ರೆ ಬೀಜ ಎದ್ದು ಓಡಿಹೋಗುತ್ತೆ ಅಂದೆ."

ಜರಡಿಯಕ್ಕ ನಗಲಿಲ್ಲ. ಪೊಟ್ಟಣದ ವಿಷಯ ತಿಳಿದವಳಿಗೆ ಆ ಹಳೆಯ ಕೊಳ್ಳುವವನ ಪರಿಚಯವೂ ಇರಬೇಕು. ಪರಿಚಯವಿದ್ದವಳಿಗೆ ಮೈದುನನ ಪರಿಚಯ ಏತಕ್ಕೆ ಬೇಕು? ಹೀಗೆ ಒಂದು ನೂಲಿಗೆ ಇನ್ನೊಂದನ್ನು ಗಂಟುಹಾಕುತ್ತ ಹೋಗಿ ಕೊನೆಗೆ ಆಕೆ ನೇಯ್ದದ್ದು ಇದು: ರುಚಿಪರೀಕ್ಷೆಗಿರುವ ಬೀಜ ಮೈದುನನ ಉಗ್ರಾಣದಲ್ಲಿದ್ದರೆ, ಅವರಿಬ್ಬರೂ ಸೇರಿ ಅದನ್ನು ಕೆಡಿಸಿಯಾರು, ದೋಷ ತೋರಿಸಿ ಕುಟುಂಬಗಳನ್ನು ಬೆಲೆಯಲ್ಲಿ ಬಗ್ಗಿಸಿಯಾರು. ಆದ್ದರಿಂದ ಮೇಲಣ ಇಳಿಜಾರಿನ ತೋಟದ ಬೀಜದಿಂದ ಎರಡು ಸೇರಿನಷ್ಟನ್ನು ಬಟ್ಟೆಯ ಚೀಲದಲ್ಲಿ ತುಂಬಿ ಮನೆಗೊಯ್ದಳು. ಮಲಗುವ ಕೋಣೆಯ ಕಬ್ಬಿಣದ ಬೀರುವಿನಲ್ಲಿ, ಮಡಿಸಿಟ್ಟ ಬಟ್ಟೆಗಳ ನಡುವೆ ಇಟ್ಟು, ಬೀಗ ತಿರುಗಿಸಿ, ಕೀಲಿಯನ್ನು ಕುತ್ತಿಗೆಯ ದಾರಕ್ಕೆ ಕಟ್ಟಿಕೊಂಡಳು. ಎಂಟು ದಿನ ಆ ಚೀಲ ಅಲ್ಲಿತ್ತು. ಪರೀಕ್ಷೆಯ ಹಿಂದಿನ ದಿನ ಹೊರತೆಗೆದು, ತಾನೇ ಹುರಿದು, ಆರಿಸಿ, ಮತ್ತೆ ಅಲ್ಲಿಯೇ ಇಟ್ಟಳು.

ಇಷ್ಟಕ್ಕೇ ನಿಲ್ಲಲಿಲ್ಲ. ತೆಗೆದೆಸೆದ ಬೀಜಗಳ ಬುಟ್ಟಿಯಿಂದ, ಹುದುಗು ಮಿತಿಮೀರಿ ಹುಳಿತುಹೋದ ಎರಡು ಬೀಜಗಳನ್ನು ಹೆಕ್ಕಿ, ಮನೆಯ ಬಾಣಲೆಯಲ್ಲಿ ಬೇರೆಯಾಗಿ ಹುರಿದಳು. ರುಚಿ ನೋಡುವಾಗ ಒಂದೇ ತೋಟದ ಬೀಜವನ್ನು ಐದು ಬಟ್ಟಲುಗಳಲ್ಲಿ ಬೇರೆಬೇರೆಯಾಗಿ ಪುಡಿಮಾಡಿ ಇಡುವುದು ಆ ಕಸುಬಿನ ಕ್ರಮ. ಒಂದು ಕೆಟ್ಟ ಬೀಜವಿದ್ದರೆ ಅದು ಒಂದು ಬಟ್ಟಲನ್ನಷ್ಟೇ ಕೆಡಿಸಿ, ಉಳಿದ ನಾಲ್ಕರ ನಡುವೆ ಸಿಕ್ಕಿಬೀಳಲೆಂದು. ಆ ಎರಡು ಹುಳಿಬೀಜಗಳು ನಾಲ್ಕನೆಯ ಬಟ್ಟಲಿಗೆ ಹೋಗತಕ್ಕವು. ಅದನ್ನೂ ಹೊಗಳಿದರೆ ಈಕೆ ಹಳೆಯವನ ತಂಗಿ. ಅದನ್ನೇ ಹಿಡಿದು ಇಡೀ ಬೆಳೆಯನ್ನು ಜರಿದರೆ ಅವನ ಅಕ್ಕ.

ಪರೀಕ್ಷೆಯ ಬೆಳಗ್ಗೆ ತಗಡಿನ ಮಾಡಿನ ಉದ್ದ ಕೋಣೆಯಲ್ಲಿ ಐದು ಬಿಳಿ ಬಟ್ಟಲುಗಳು ಸಾಲಾಗಿ ಕುಳಿತವು. ಗೋಡೆಯ ಬೆಂಚಿನ ಮೇಲೆ ಕುಟುಂಬಗಳ ಪರವಾಗಿ ಹಿರಿಯ ಬೆಳೆಗಾರನೊಬ್ಬ, ಬಾಗಿಲ ಬಳಿ ಮೈದುನ. ಮೈದುನನ ಹೆಂಡತಿ, ಎಂದರೆ ಜರಡಿಯಕ್ಕನ ಓರಗಿತ್ತಿ, ಕುದಿನೀರಿನ ಕೆಟಲು ಹಿಡಿದು ನಿಂತಿದ್ದಳು.

"ಅಕ್ಕಾ, ಬಟ್ಟಲಿಗೆ ಹಾಗೆ ಕಾವಲು ನಿಂತ್ರೆ ನಾನು ನೀರು ಎಲ್ಲಿ ಹೊಯ್ಲಿ? ನಿಮ್ಮ ತಲೆ ಮೇಲಾ?"

"ಹೊಯ್ಯಮ್ಮಾ, ಹೊಯ್ಯಿ. ಕಣ್ಣು ಮಾತ್ರ ಬಟ್ಟಲ ಮೇಲಿರ್ಲಿ."

ನೀರು ಬಿತ್ತು, ಪುಡಿ ಉಬ್ಬಿ ಮೇಲೆ ಕೆನೆಯಂತೆ ಕಟ್ಟಿತು. ನಾಲ್ಕು ನಿಮಿಷ ಕಳೆದ ಮೇಲೆ ಕೊಳ್ಳುವಾಕೆ ಬಾಗಿ, ಚಮಚದ ಬೆನ್ನಿನಿಂದ ಆ ಪದರವನ್ನು ಒಡೆದು, ಏಳುವ ಹಬೆಗೆ ಮೂಗೊಡ್ಡಿದಳು. ಮೊದಲ ಬಟ್ಟಲಿನಲ್ಲಿಯೇ ಹುಬ್ಬು ಗಂಟಿಕ್ಕಿತು. ಎರಡನೆಯದರಲ್ಲಿ ಕಣ್ಣು ಮುಚ್ಚಿದಳು. ಬಳಿಕ ಚಮಚದಿಂದ ಸೊರ್ರನೆ ಹೀರಿ, ಬಾಯೊಳಗೆ ತಿರುಗಿಸಿ, ಪಕ್ಕದ ಲೋಟಕ್ಕೆ ಉಗುಳುತ್ತ ಸಾಲಿನುದ್ದಕ್ಕೂ ಹೋದಳು. ನಾಲ್ಕನೆಯದರ ಮುಂದೆ ನಿಂತಳು. ಕೊಳ್ಳುವಾಕೆ ಹೊಗಳಲಿಲ್ಲ, ಜರಿಯಲೂ ಇಲ್ಲ. ಮತ್ತೆ ಮೊದಲನೆಯದಕ್ಕೆ ಮರಳಿ, ಐದನ್ನೂ ಇನ್ನೊಮ್ಮೆ ಹೀರಿ, ಚಮಚ ಕೆಳಗಿಟ್ಟಳು.

"ಅಮ್ಮಾ, ಈ ಬೀಜ ಇಷ್ಟು ದಿನ ಎಲ್ಲಿತ್ತು?"

"ಇನ್ನೆಲ್ಲಿರುತ್ತೆ? ಉಗ್ರಾಣದಲ್ಲಿ."

ಸುಳ್ಳು ಹೇಳಬೇಕೆಂದು ಆಕೆ ಯೋಚಿಸಿರಲಿಲ್ಲ. ತನ್ನ ಸುಳಿವನ್ನು ಯಾರಿಗೂ ಬಿಟ್ಟುಕೊಡಬಾರದೆಂಬ ಅಭ್ಯಾಸವೇ ಆಕೆಯ ನಾಲಗೆಯಿಂದ ಉತ್ತರಿಸಿತ್ತು.

"ಎರಡು ದೋಷ ಇದೆ," ಎಂದಳು ಕೊಳ್ಳುವಾಕೆ. "ನಾಲ್ಕನೇ ಬಟ್ಟಲಲ್ಲಿ ಹುಳಿತ ಬೀಜ ಸೇರಿದೆ, ಒಂದೋ ಎರಡೋ. ಅದು ದೊಡ್ಡದಲ್ಲ, ಎಲ್ಲಾ ಕಡೆ ಆಗುತ್ತೆ. ಆದ್ರೆ ಐದು ಬಟ್ಟಲಲ್ಲೂ ಒಂದು ವಾಸನೆ ಇದೆ. ಬಟ್ಟೆ ಮಧ್ಯೆ ಇಡ್ತಾರಲ್ಲ, ನುಸಿಗುಳಿಗೆ, ಆ ಥರ. ಬೀಜದ ಸ್ವಂತದ್ದಲ್ಲ, ಹೊರಗಿನಿಂದ ಹತ್ತಿದ್ದು. ಉಗ್ರಾಣ ಇನ್ನೊಮ್ಮೆ ನೋಡಬಹುದಾ?"

ಉಗ್ರಾಣ ಒಪ್ಪವಾಗಿತ್ತು, ಮರದ ಅಟ್ಟಣೆಯ ಮೇಲೆ ಚೀಲಗಳು, ಗೋಡೆಗೂ ಅವಕ್ಕೂ ನಡುವೆ ಒಂದು ಮೊಳ ಅಂತರ. ಆದರೆ ಚೀಲಗಳ ಮೇಲ್ಗಡೆ, ಮೊಳೆಯೊಂದಕ್ಕೆ, ಮೈದುನನ ಹಳೆಯ ಉಣ್ಣೆಯ ಕೋಟು ನೇತಾಡುತ್ತಿತ್ತು. ಚಳಿಗೆಂದು ವಾರದ ಹಿಂದೆ ಪೆಟ್ಟಿಗೆಯಿಂದ ತೆಗೆದದ್ದು. ಹಿರಿಯ ಬೆಳೆಗಾರ ಅದನ್ನು ಮೂಸಿ ಮುಖ ಸಿಂಡರಿಸಿದ.

"ನುಸಿಗುಳಿಗೆ! ಏನಯ್ಯಾ ಇದು? ಕಾಫಿಬೀಜ ಹತ್ತಿಯ ಹಾಗೆ, ಪಕ್ಕದಲ್ಲಿದ್ದದ್ದನ್ನೆಲ್ಲ ಹೀರಿಕೊಳ್ಳುತ್ತೆ ಅಂತ ಗೊತ್ತಿಲ್ವಾ ನಿನಗೆ? ಇಪ್ಪತ್ತು ವರ್ಷದಿಂದ ಕೀಲಿ ಹೊತ್ಕೊಂಡು ಏನು ಕಲಿತೆ?"

"ಕೋಟು ಬಾಗಿಲ ಹತ್ರ ಇರ್ತಿತ್ತು ಮಾವಾ. ಇವತ್ತು ಬೆಳಿಗ್ಗೆ ಮಾತ್ರ..."

"ಹನ್ನೆರಡು ಮನೆ ಅನ್ನ ನಿನ್ನ ಕೋಟಿಗೆ ನೇತುಹಾಕಿದೆಯಲ್ಲೋ. ಸಂಜೆ ಎಲ್ಲರನ್ನೂ ಕರೆಸ್ತೀನಿ. ಕೀಲಿ ಬೇರೆಯವರಿಗೆ ಹೋಗ್ಲಿ."

ಕೊಳ್ಳುವಾಕೆ ಏನೋ ಹೇಳಲು ಬಾಯಿ ತೆರೆದು, ಮತ್ತೆ ಮುಚ್ಚಿಕೊಂಡಳು. ಜರಡಿಯಕ್ಕ ಅದನ್ನು ಗಮನಿಸಿದಳು. ತನ್ನ ಸಂಶಯದ ಸರಮಾಲೆಗೆ ಅದನ್ನೂ ಪೋಣಿಸಿದಳು. ಉಗ್ರಾಣದ ಕೋಟಿಗೂ ಆ ಬಟ್ಟಲುಗಳಿಗೂ ಸಂಬಂಧವಿಲ್ಲವೆಂದು ಅಲ್ಲಿ ಬಲ್ಲವಳು ತಾನೊಬ್ಬಳೇ. ಹಾಗಾದರೆ ವಾಸನೆಯೇ ಕಟ್ಟುಕಥೆ! ಹಳೆಯವನು ಕಾಗದದಲ್ಲಿ ಬರೆದ ಪರಿಮಳದೋಷವನ್ನು ಈಕೆ ಬಾಯಲ್ಲಿ ಹೇಳಿದ್ದಾಳೆ, ಅಷ್ಟೇ. ಬೀರುವಿನಲ್ಲಿ ಉಳಿದ ಬೀಜವನ್ನು ತಂದು ಎಲ್ಲರ ಮೂಗಿನ ಕೆಳಗೆ ಹಿಡಿಯುತ್ತೇನೆಂದು ಆಕೆ ಸರಸರನೆ ಮನೆಗೆ ನಡೆದಳು.

ಬೀರು ತೆರೆದು ಚೀಲ ಕೈಗೆತ್ತಿಕೊಳ್ಳುವಷ್ಟರಲ್ಲಿ ಓರಗಿತ್ತಿ ಏದುಸಿರು ಬಿಡುತ್ತ ಬಂದಳು, ಕಣ್ಣು ಕೆಂಪಗಾಗಿತ್ತು.

"ಅಕ್ಕಾ, ನೀವೊಂದು ಮಾತು ಹೇಳಿ. ನಿಮ್ಮ ಮಾತಾದ್ರೆ ಕೇಳ್ತಾರೆ. ಕೀಲಿ ತೆಗೆದ್ರೆ ಅವರು ಮನೇಲಿ ಕೂತು..." ಅಷ್ಟರಲ್ಲಿ ಅವಳ ದೃಷ್ಟಿ ಚೀಲದ ಮೇಲೆ ಬಿತ್ತು. "ಅದೇನದು?"

"ಅದೇ ಬೀಜ. ಉಗ್ರಾಣದಲ್ಲಿ ಇರಲೇ ಇಲ್ಲ. ನನ್ನ ಹತ್ರ ಇತ್ತು. ಮೂಸು! ಎಲ್ಲಿದೆ ವಾಸನೆ? ಆ ಹೆಂಗಸು ಸುಳ್ಳು ಹೇಳ್ತಿದ್ದಾಳೆ."

ಓರಗಿತ್ತಿ ಮೂಸಿದಳು. ಚೀಲವನ್ನು ನೋಡಿದಳು, ಬೀರುವನ್ನು ನೋಡಿದಳು, ಕೊನೆಗೆ ಜರಡಿಯಕ್ಕನನ್ನು ನೋಡಿದಳು.

"ಅಕ್ಕಾ, ಇದು ನಿಮ್ಮ ವಾಸನೆ."

"ಏನಂದೆ?"

"ಈ ಮನೆಗೆ ಬಂದಾಗಿನಿಂದ ಇದೇ ವಾಸನೆ. ನೀವು ಬಾಗಿಲಿಗೆ ಬರೋ ಮೊದ್ಲು ಅದು ಬರುತ್ತೆ. ನಾವೆಲ್ಲ ಮಾತು ನಿಲ್ಲಿಸಿಬಿಡ್ತೀವಿ." ಅವಳು ಕೈಚಾಚಿ, ಮಡಿಸಿದ ಬಟ್ಟೆಗಳ ಸಂದಿನಿಂದ ಬಿಳಿಯ ಗುಳಿಗೆಯೊಂದನ್ನು ತೆಗೆದು ಅಂಗೈಯಲ್ಲಿಟ್ಟು ತೋರಿಸಿದಳು. "ಹಿಡಿಹಿಡಿಯಾಗಿ ಹಾಕಿದ್ದೀರಿ."

ನುಸಿಯನ್ನೂ ಆಕೆ ನಂಬಿದವಳಲ್ಲ. ಒಂದು ಗುಳಿಗೆ ಸಾಕೆಂಬಲ್ಲಿ ಹತ್ತು ಇಡುವವಳು. ಭಗವಂತನು ಮನುಷ್ಯನಿಗೆ ಮೂಗನ್ನು ಕೊಟ್ಟಾಗ ಪರರ ಮನೆಯ ವಾಸನೆಯನ್ನು ಬೇಗನೆ ತಿಳಿಯುವ ಶಕ್ತಿಯನ್ನು ಕೊಟ್ಟ; ತನ್ನದನ್ನು ತಾನು ತಿಳಿಯುವುದಕ್ಕೆ ಮಾತ್ರ ಇನ್ನೊಬ್ಬರ ಮೂಗಿನ ಹಂಗನ್ನು ಇರಿಸಿದ.

"ನಾನು ಅಲ್ಲಿ ಹೋಗಿ ಬಾಯಿ ಬಿಡಲ್ಲ," ಎಂದಳು ಓರಗಿತ್ತಿ. "ನೀವೇ ಹೇಳಬೇಕು. ಹೇಳ್ದೇ ಇದ್ರೆ, ಒಂದೇ ಒಂದು. ಇನ್ಮೇಲೆ ನನ್ನನ್ನ ತಂಗಿ ಅಂತ ಕರೀಬೇಡಿ." ಅವಳು ಹೊರಟುಹೋದಳು.

ಜರಡಿಯಕ್ಕ ಹಾಸಿಗೆಯ ಅಂಚಿನಲ್ಲಿ ಕುಳಿತಳು. ಅಡುಗೆಮನೆಯಲ್ಲಿ ಒಲೆ ಉರಿಯುತ್ತಿತ್ತು. ಚೀಲವನ್ನು ಅದರೊಳಗೆ ತುರುಕಿದರೆ ಐದು ನಿಮಿಷಗಳ ಕೆಲಸ. ಕೋಟು ಅಪರಾಧಿಯಾಗಿ ಉಳಿಯುತ್ತದೆ. ಮೈದುನನ ಕೀಲಿ ಹೋಗುತ್ತದೆ. ಹದಿನಾಲ್ಕು ವರ್ಷಗಳಲ್ಲಿ ಒಂದು ಹಾಸೂ ಕೆಡದ ಹೆಸರು ಆಕೆಗೆ ಉಳಿಯುತ್ತದೆ. ನಿಜ ಹೇಳಿದರೆ ಕೊಳ್ಳುವಾಕೆ ಎದ್ದುಹೋದಾಳು. ಮಾದರಿಯಲ್ಲೇ ಕೈಯಾಡಿಸಿದವರೊಡನೆ ಯಾರು ಮೂರು ವರ್ಷ ಕಟ್ಟಿಕೊಳ್ಳುತ್ತಾರೆ? ಅಂಗಳ ಮುಚ್ಚಿಹೋದೀತು. ಆಕೆ ಎದ್ದು ಒಲೆಯವರೆಗೂ ಹೋದದ್ದು ನಿಜ. ಅಲ್ಲಿ ನಿಂತಾಗ ನೆನಪಾದದ್ದು ಆ ಹಳೆಯ ಕಾಗದ: ಯಾವ ಬೀಜ, ಯಾವ ದೋಷ, ಯಾರ ಮೂಗು ಎಂದು ಹೇಳದೆ ಒಬ್ಬರ ಮೇಲೆ ತಪ್ಪು ಹೊರಿಸಿ ಮುಗಿಸಿದ ಕಾಗದ. ಈಗ ಅದನ್ನು ಬರೆಯುವ ಕೈ ತನ್ನದು.

ಆಕೆ ರುಚಿಕೋಣೆಗೆ ಮರಳಿದಾಗ ಮಧ್ಯಾಹ್ನವಾಗಿತ್ತು. ಎಲ್ಲರೂ ಅಲ್ಲಿದ್ದರು, ಓರಗಿತ್ತಿ ಕೆಟಲು ಉಜ್ಜುವ ನೆಪದಲ್ಲಿ ಬೆನ್ನು ತಿರುಗಿಸಿ ನಿಂತಿದ್ದಳು. ಜರಡಿಯಕ್ಕ ಚೀಲವನ್ನು ಮೇಜಿನ ಮೇಲಿಟ್ಟು, ಪಕ್ಕದಲ್ಲಿ ಬಿಳಿಗುಳಿಗೆಯನ್ನಿಟ್ಟಳು.

"ಬೀಜ ಎಂಟು ದಿನ ನನ್ನ ಬೀರುನಲ್ಲಿತ್ತು. ಉಗ್ರಾಣ ಅಂದದ್ದು ಸುಳ್ಳು. ವಾಸನೆ ನಂದು. ಇವನ ಕೋಟಿಂದಲ್ಲ."

ಕೊಳ್ಳುವಾಕೆ ಗುಳಿಗೆಯನ್ನೇ ನೋಡಿದಳು. "ನಾಲ್ಕನೇ ಬಟ್ಟಲು?"

"ಅದೂ ನಾನೇ. ಎರಡು ಹುಳಿಬೀಜ ಹಾಕಿದೆ."

"ಯಾಕಮ್ಮಾ?"

"ನೀವು ಹೊಗಳ್ತೀರಾ ನೋಡೋಣ ಅಂತ."

ಹಿರಿಯ ಬೆಳೆಗಾರ ತಲೆಯ ಮೇಲೆ ಕೈಹೊತ್ತ. ಕೊಳ್ಳುವಾಕೆ ಕೋಟಿನ ಜೇಬಿನಿಂದ ಒಂದು ಪುಟ್ಟ ಡಬ್ಬಿ ತೆಗೆದು ಚೀಲದ ಪಕ್ಕದಲ್ಲಿಟ್ಟಳು. ಅವಳು ಬಂದ ದಿನದಿಂದ ಜರಡಿಯಕ್ಕ ನೋಡುತ್ತಿದ್ದ ಜೇಬು ಅದು.

"ಬಂದ ದಿನವೇ, ಉಗ್ರಾಣದಲ್ಲಿ ಇವರ ಮೈದುನ ಬಾಗಿಲ ಕಡೆ ತಿರುಗಿದಾಗ, ಅದೇ ಮೇಲಣ ಇಳಿಜಾರಿನ ಚೀಲದಿಂದ ಒಂದು ಹಿಡಿ ಬೀಜ ತೆಗೆದೆ. ಕೇಳಲಿಲ್ಲ. ಕೊಡೋ ಮಾದರಿ ಒಂದು, ಕಳಿಸೋ ಬೀಜ ಇನ್ನೊಂದು, ಇಂಥದ್ದು ತುಂಬಾ ನೋಡಿದ್ದೀನಿ. ಇವತ್ತು ಬೆಳಿಗ್ಗೆ ಕೋಣೆಯಲ್ಲಿ ಅದನ್ನ ಹುರಿದು ಕುಡಿದೆ. ಒಂದು ಚೂರೂ ವಾಸನೆ ಇರಲಿಲ್ಲ." ಅವಳು ಮೈದುನನ ಕಡೆ ತಿರುಗಿದಳು. "ಉಗ್ರಾಣದ ತಪ್ಪಲ್ಲ ಅಂತ ನನಗೆ ಗೊತ್ತಿತ್ತು. ಹೇಳಿದ್ರೆ ಕದ್ದದ್ದು ಬಯಲಾಗುತ್ತೆ ಅಂತ ಸುಮ್ಮನಿದ್ದೆ."

"ಕೇಳ್ದೆ ತೆಗೆದ್ರಾ?" ಜರಡಿಯಕ್ಕನ ದನಿ ಏರಿತು. "ನಾನು ಅಂದುಕೊಂಡೆ! ಆ ಕೈ ಹೊರಗೆ ಬರ್ತಾನೇ ಇರಲಿಲ್ಲ!"

"ನೀವು ಹುಳಿಬೀಜ ಹಾಕಿದ್ರಿ ಅಮ್ಮಾ."

"ನನ್ನ ಬೀಜಕ್ಕೆ ನಾನು ಹಾಕಿದೆ!"

ಇಬ್ಬರ ನಡುವೆ ಮೇಜಿನ ಮೇಲೆ ದಣ್ಣೆಂದು ಏನೋ ಬಿತ್ತು. ಕೀಲಿಗೊಂಚಲು. ಮೈದುನನ ಮುಖದಲ್ಲಿ ನಗುವಿರಲಿಲ್ಲ. ಅವನ ಮುಖವನ್ನು ನಗುವಿಲ್ಲದೆ ಅಲ್ಲಿ ಯಾರೂ ಕಂಡಿರಲಿಲ್ಲ.

"ನೀವು ನಂಬಲಿಲ್ಲ, ಇವರೂ ನಂಬಲಿಲ್ಲ. ಇಬ್ಬರೂ ನನ್ನ ಬೆನ್ನ ಹಿಂದೆ ಬೀಜ ಹೊತ್ಕೊಂಡು ಹೋದ್ರಿ. ಹಾಗಾದ್ರೆ ಇಪ್ಪತ್ತು ವರ್ಷ ನಾನು ಕಾದದ್ದು ಏನನ್ನ? ಇಟ್ಕೊಳ್ಳಿ. ಯಾರಿಗೆ ಬೇಕೋ ಕೊಡಿ."

ಜರಡಿಯಕ್ಕನ ಏರಿದ ದನಿ ಅಲ್ಲಿಗೇ ಇಳಿಯಿತು. ಆಕೆಗೆ ಕ್ಷಮೆ ಕೇಳಿ ಅಭ್ಯಾಸವಿರಲಿಲ್ಲ. ಆ ಮಾತು ಆಕೆಯ ಬಾಯಿಗೆ ಎಟುಕಲಿಲ್ಲ. ಕುತ್ತಿಗೆಯ ದಾರವನ್ನು ತೆಗೆದು, ಬೀರುವಿನ ಕೀಲಿಯನ್ನು ಬಿಚ್ಚಿ, ಗೊಂಚಲಿನ ಬಳೆಗೆ ಸೇರಿಸತೊಡಗಿದಳು.

"ಅದೇನು ಮಾಡ್ತಿದ್ದೀರಿ ಅತ್ತಿಗೆ?"

"ನನ್ನದೂ ನೀನೇ ಇಟ್ಕೋ. ನಿನ್ನ ಕೀಲಿ ಹೋಗೋದಾದ್ರೆ ನಂದೂ ಹೋಗ್ಲಿ."

ಮೈದುನನ ತುಟಿಯ ಒಂದು ಮೂಲೆ ಅಲುಗಿತು. "ನನಗ್ಯಾಕೆ ಆ ಬೀರು? ನನ್ನ ಕೋಟೇ ಸಾಕಾಗಿದೆ." ಅವನು ಆ ಒಂದು ಕೀಲಿಯನ್ನು ಬಿಡಿಸಿ ಆಕೆಯ ಮುಂದೆ ಸರಿಸಿದ. ಉಳಿದ ಗೊಂಚಲನ್ನು ಮಾತ್ರ ಕೂಡಲೇ ಎತ್ತಿಕೊಳ್ಳಲಿಲ್ಲ. "ಒಡಂಬಡಿಕೆಯಲ್ಲಿ ಏನು ಬರೀತೀರೋ ನೋಡ್ತೀನಿ," ಎಂದು ಬೆಂಚಿನ ಮೇಲೆ ಕುಳಿತ.

ಬಚ್ಚಿಟ್ಟವರು ಇಬ್ಬರೂ ಆದ್ದರಿಂದ ಕೊಳ್ಳುವಾಕೆ ಎದ್ದುಹೋಗಲಿಲ್ಲ; ಒಡಂಬಡಿಕೆಯ ಕರಡು ಆ ಮಧ್ಯಾಹ್ನವೇ ಹೊರಬಂತು. ಅದರ ಮೊದಲ ಸಾಲು ಪರಸ್ಪರ ನಂಬಿಕೆಯ ಆಧಾರದ ಮೇಲೆ ಎಂದಿತ್ತು. ಜರಡಿಯಕ್ಕ ಅದನ್ನು ಹೊಡೆದುಹಾಕಿಸಿದಳು.

"ಇಲ್ಲದ್ದನ್ನ ಬರೀಬೇಡಿ. ಹಾಡು ಹೇಳ್ತೀನಿ ಅಂತ ಬರೆದ ಹಾಗೆ ಆಗುತ್ತೆ. ಪರಸ್ಪರ ಎದುರಿನಲ್ಲಿ ಅಂತ ಬರೀರಿ. ಬೀಜ ತೆಗೆಯೋವಾಗ ನೀವಿರಬೇಕು, ನಾನಿರಬೇಕು, ಉಗ್ರಾಣದವನಿರಬೇಕು. ಮೂರು ಡಬ್ಬಿ ತುಂಬಿ ಅರಗಿನ ಮುದ್ರೆ ಹಾಕಬೇಕು. ನಿಮಗೊಂದು, ಅಂಗಳಕ್ಕೊಂದು, ಮೂರನೇದು ಉಗ್ರಾಣದಲ್ಲಿ, ಇವನ ಕೈಯಲ್ಲಿ. ನಾಳೆ ನೀವು ದೋಷ ಅಂದ್ರೆ ಅದನ್ನ ಒಡೆದು ಎಲ್ಲರೂ ಕುಡಿಯೋಣ."

"ಮೂರನೇದು ಇವರ ಕೈಯಲ್ಲೇ ಯಾಕೆ?" ಎಂದಳು ಕೊಳ್ಳುವಾಕೆ, ಕೇಳಿದ್ದು ಬರೆದುಕೊಳ್ಳುವುದಕ್ಕೆ.

"ನಮ್ಮ ಮೂವರಲ್ಲಿ ಬಚ್ಚಿಟ್ಟುಕೊಳ್ಳದೆ ಇದ್ದವನು ಇವನೊಬ್ಬನೇ."

ಮೈದುನ ಎದ್ದು ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ. ಆದರೂ ಕೊಳ್ಳುವಾಕೆ ಅಂದು ರುಜು ಹಾಕಲಿಲ್ಲ. ಉಗ್ರಾಣದ ಬೀಜವನ್ನು ಎಲ್ಲರ ಎದುರಿಗೆ ರುಚಿ ನೋಡಿದ ಬಳಿಕವೇ ಎಂದಳು. ಅಂಗಳದ ಹಣೆಬರಹ ಇನ್ನೂ ಐದು ಬಟ್ಟಲುಗಳಲ್ಲಿಯೇ ಉಳಿಯಿತು. ಆ ಎಚ್ಚರಿಕೆಯನ್ನು ಕಂಡು ಜರಡಿಯಕ್ಕನಿಗೆ ಅವಳ ಮೇಲೆ ಮೊದಲ ಬಾರಿಗೆ ಒಂದಿಷ್ಟು ಗೌರವ ಮೂಡಿತು.

ಮಾರನೆಯ ಬೆಳಗ್ಗೆ ಓರಗಿತ್ತಿ ರುಚಿಕೋಣೆಯ ಬಾಗಿಲಿಗೆ ಅಡ್ಡ ನಿಂತಳು. "ಹಾಗೇ ಒಳಗೆ ಬರೋ ಹಾಗಿಲ್ಲ ಅಕ್ಕಾ. ತಗೊಳ್ಳಿ, ನನ್ನ ಬಟ್ಟೆ. ಮೂರು ಸಲ ಒಗೆದು ಬಿಸಿಲಿಗೆ ಹಾಕಿದ್ದು." ಜರಡಿಯಕ್ಕ ಗೊಣಗುತ್ತ ಹೋಗಿ, ತನಗಿಂತ ದಪ್ಪನಾದವಳ ದೊಗಳೆ ಬಟ್ಟೆಯಲ್ಲಿ, ತೋಳನ್ನು ಎರಡು ಸುತ್ತು ಮಡಚಿಕೊಂಡು ಬಂದು ಕುಳಿತಳು. ಬೀಜವನ್ನು ಮೈದುನನೇ ತೆಗೆದು, ಹುರಿದು, ಐದು ಬಟ್ಟಲುಗಳಿಗೂ ಹಂಚಿದ್ದ. ಕೊಳ್ಳುವಾಕೆ ಬಾಗಿದಳು, ಒಡೆದಳು, ಹೀರಿದಳು. ಮೊದಲನೆಯದು, ಎರಡನೆಯದು, ಮೂರನೆಯದು. ನಾಲ್ಕನೆಯದರ ಮುಂದೆ ಚಮಚ ನಿಂತಿತು. ಅವಳು ತಲೆಯೆತ್ತಿ ಎಲ್ಲರ ಮುಖವನ್ನೂ ಒಂದೊಂದಾಗಿ ನೋಡಿದಳು.

"ಇದನ್ನ ಯಾರೂ ಮುಟ್ಟಿಲ್ಲ ತಾನೇ?"

ಜರಡಿಯಕ್ಕ ಮಡಿಲಿನಲ್ಲಿದ್ದ ಎರಡು ಬರಿಗೈಗಳನ್ನೂ ಎತ್ತಿ ತೋರಿಸಿದಳು. ಬಾಗಿಲ ಬಳಿ ಕೀಲಿಗೊಂಚಲು ಒಮ್ಮೆ ಝಣತ್ಕರಿಸಿತು. ಕೊಳ್ಳುವಾಕೆ ಹೀರಿ, ಬಾಯೊಳಗೆ ತಿರುಗಿಸಿ, ಈ ಸಲ ಉಗುಳದೆ ನುಂಗಿದಳು. ಐದನೆಯದನ್ನೂ ಮುಗಿಸಿ, ಕೈಯೊರಸಿಕೊಂಡು, ಒಡಂಬಡಿಕೆಯ ಕಾಗದವನ್ನು ತನ್ನತ್ತ ಎಳೆದುಕೊಂಡಳು. ಅವಳು ರುಜು ಹಾಕಿ ಮುಗಿಸುವವರೆಗೂ ಜರಡಿಯಕ್ಕ ಲೇಖನಿಯ ತುದಿಯಿಂದ ಕಣ್ಣು ತೆಗೆಯಲಿಲ್ಲ.